ಕೆಂಗಲ್ ಹನುಮಂತಯ್ಯನವರೂ ವಿಧಾನಸೌಧದ ಲೆಕ್ಕವೂ

ಕಿರಿಮಂಜೇಶ್ವರದ ಮುರಕಲ್ಲಿನ ಮನೆಯಲ್ಲಿ ಬೆಳೆದ ನನಗೆ, ಕಾಲೇಜಿನ ಪ್ರವಾಸದಲ್ಲಿ ಮೊದಲ ಬಾರಿಗೆ ಕಂಡ ವಿಧಾನಸೌಧದ ಕಗ್ಗಲ್ಲಿನ ಕಂಬಗಳು ಬೆರಗನ್ನುಂಟುಮಾಡಿದುದು ಸಹಜವೇ. ಆ ಬೆರಗಿಗೆ ತಗುಲಿದ ಹಣವೆಷ್ಟೆಂದು ಒಂದು ಕಾಲದಲ್ಲಿ ದೊಡ್ಡ ಗದ್ದಲವೇ ನಡೆದಿತ್ತೆಂಬುದು ಊರಿಗೆ ಮರಳಿದ ಮೇಲೆ ಗ್ರಂಥಾಲಯದಲ್ಲಿ ಓದಿ ತಿಳಿಯಿತು.

ಕೆಂಗಲ್ ಹನುಮಂತಯ್ಯನವರು 1908ರ ಫೆಬ್ರವರಿಯಲ್ಲಿ ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯಲ್ಲಿ, ಒಕ್ಕಲು ಮನೆತನವೊಂದರಲ್ಲಿ ಜನಿಸಿದರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಬಿ.ಎ., ಪುಣೆಯಲ್ಲಿ ಕಾನೂನು ಓದಿ ಬೆಂಗಳೂರಿನಲ್ಲಿ ವಕೀಲರಾದರು. ಸ್ವಾತಂತ್ರ್ಯ ಚಳವಳಿಯಲ್ಲಿ ಹಲವು ಬಾರಿ ಸೆರೆಮನೆ ಕಂಡರು; ಸಂವಿಧಾನ ರಚನಾ ಸಭೆಯಲ್ಲಿಯೂ ಕುಳಿತರು. 1952ರಲ್ಲಿ ಮೈಸೂರಿನ ಮುಖ್ಯಮಂತ್ರಿಯಾದರು.

ವಿಧಾನಸೌಧಕ್ಕೆ 1951ರ ಜುಲೈ 13ರಂದೇ ಕೆ. ಸಿ. ರೆಡ್ಡಿಯವರ ಕಾಲದಲ್ಲಿ ನೆಹರೂ ಅವರು ಶಂಕುಸ್ಥಾಪನೆ ಮಾಡಿದ್ದರು. ಆಗಿನ ನಕ್ಷೆ ಸರಳವಾದುದು. ಹನುಮಂತಯ್ಯನವರಿಗೆ ಅದು ಸಾಲದೆನಿಸಿತು. ಈ ನಾಡಿನ ಗುಡಿ-ಅರಮನೆಗಳ ಶಿಲ್ಪ ಅದರಲ್ಲಿ ಮೈದೋರಬೇಕೆಂದು ನಕ್ಷೆಯನ್ನೇ ಬದಲಿಸಿದರು. 700 ಅಡಿ ಉದ್ದ, 350 ಅಡಿ ಅಗಲದ ಸೌಧವೆದ್ದಿತು. ಸಾವಿರಾರು ಕೂಲಿಯಾಳುಗಳೊಡನೆ ಸೆರೆಮನೆಯ ಕೈದಿಗಳೂ ದುಡಿದರು. ಸಂಪುಟ ಸಭೆಯ ಕೊಠಡಿಗೆ ಗಂಧದ ಮರದ ಬಾಗಿಲು ಬಂದಿತು. ಖರ್ಚು ಅಂದಾಜನ್ನು ಬಹಳವಾಗಿ ಮೀರಿ 1.75 ಕೋಟಿ ರೂಪಾಯಿಯನ್ನೂ ದಾಟಿತು.

ಟೀಕೆ ಭುಗಿಲೆದ್ದಿತು. ಆದರೆ ಆ ಹೊತ್ತಿನ ರಾಜಕೀಯವನ್ನು ಮರೆತು ಈ ಟೀಕೆಯನ್ನು ತೂಗಲಾಗದು. ಹನುಮಂತಯ್ಯನವರು ಕರ್ನಾಟಕದ ಏಕೀಕರಣಕ್ಕೆ ನಿಂತವರು. ಹಳೆಯ ಮೈಸೂರಿನ ಹಲವು ಮುಖಂಡರಿಗೆ, ಅವರ ಸ್ವಂತ ಜನಾಂಗದವರಲ್ಲಿಯೂ ಅನೇಕರಿಗೆ, ಇದು ಹಿಡಿಸಲಿಲ್ಲ. ವಿಶಾಲ ರಾಜ್ಯದಲ್ಲಿ ತಮ್ಮ ಬಲ ಕುಂದೀತೆಂಬ ಅಂಜಿಕೆ ಅವರದು. ಹೀಗೆ ಕಲ್ಲಿನ ಲೆಕ್ಕದೊಳಗೆ ಜಾತಿಯ ಲೆಕ್ಕವೂ ಕುರ್ಚಿಯ ಲೆಕ್ಕವೂ ಬೆರೆತುಹೋದವು. ಸ್ವಪಕ್ಷದ ಶಾಸಕರೇ ತಿರುಗಿಬಿದ್ದರು. 1956ರ ಆಗಸ್ಟ್ 19ರಂದು ಅವರು ಅಧಿಕಾರ ಬಿಟ್ಟರು. ಸೌಧದ ಖರ್ಚಿನ ಬಗ್ಗೆ ತನಿಖಾ ಸಮಿತಿಯೂ ನೇಮಕವಾಯಿತು. ನವೆಂಬರ್ 1ರಂದು ಏಕೀಕೃತ ರಾಜ್ಯ ಉದಯವಾದಾಗ ಮುಖ್ಯಮಂತ್ರಿಯ ಪೀಠದಲ್ಲಿದ್ದವರು ನಿಜಲಿಂಗಪ್ಪನವರು.

ಇಲ್ಲಿ ಹನುಮಂತಯ್ಯನವರ ಅಭಿಮಾನಿಗಳೊಡನೆ ನನ್ನದೊಂದು ಸಣ್ಣ ಜಗಳವಿದೆ. ಕೇಳಿದವರು ಹಗೆಗಳಾಗಿದ್ದರು, ಆದುದರಿಂದ ಕೇಳಿದ್ದೇ ತಪ್ಪು ಎಂದು ಅವರು ವಾದಿಸುತ್ತಾರೆ. ಹಗೆ ಕೇಳಿದರೂ ಅಂದಾಜು ಮೀರಿದ್ದು ಮೀರಿದ್ದೇ. ಸೌಧ ಸುಂದರವಾಗಿದೆಯೆಂಬುದು ಆ ಪ್ರಶ್ನೆಗೆ ಉತ್ತರವಾಗದು. ಇನ್ನು ಖರ್ಚು ಹೆಚ್ಚಾಯಿತೆಂದ ಮಾತ್ರಕ್ಕೆ ಮನುಷ್ಯನೇ ಕಳ್ಳನೆಂದು ಸಾರಿದವರದೂ ಅಷ್ಟೇ ಅನ್ಯಾಯ. ನಮ್ಮೂರ ಹೋಟೆಲಿನ ಬೆಂಚಿನ ಮೇಲೂ ಇದೇ ಕಥೆ: ರಸ್ತೆಯ ಖರ್ಚಿನ ಮಾತೆದ್ದರೆ ಎಷ್ಟಾಯಿತೆಂದು ಯಾರೂ ಮೊದಲು ಕೇಳುವುದಿಲ್ಲ, ಮಾಡಿಸಿದವರು ಯಾವ ಪಕ್ಷದವರೆಂದು ಕೇಳುತ್ತಾರೆ. ನನ್ನ ಅಪ್ಪಯ್ಯನೂ ಹಾಗೆಯೇ ಕೇಳುವವರು. ಅಂದಹಾಗೆ, ಸೌಧ ಏಳುತ್ತಿದ್ದಾಗ ನಮ್ಮ ಸೀಮೆ ಮದ್ರಾಸ್ ರಾಜ್ಯದಲ್ಲಿತ್ತು. ನಮ್ಮ ಅಜ್ಜಂದಿರ ತೀರ್ವೆಯ ಕಾಸು ಅದಕ್ಕೆ ಸೇರಿರಲಿಲ್ಲ. ಆದರೂ ಸೌಧ ನಮ್ಮದಾಯಿತು.

ಮುಂದೆ ಹನುಮಂತಯ್ಯನವರು ಬೆಂಗಳೂರಿನಿಂದ ಲೋಕಸಭೆಗೆ ಆರಿಸಿ ಹೋದರು. 1967ರಲ್ಲಿ ಕೇಂದ್ರದ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷತೆ ಅವರ ಪಾಲಿಗೆ ಬಂದಿತು. ಖರ್ಚಿನ ಆಪಾದನೆ ಹೊತ್ತಿದ್ದವರ ಕೈಯಿಂದಲೇ 1968ರಲ್ಲಿ ಹಣಕಾಸು, ಲೆಕ್ಕಪತ್ರ, ಲೆಕ್ಕಪರಿಶೋಧನೆಗಳ ಕುರಿತ ವರದಿ ಹೊರಬಿದ್ದಿತು! ಇಷ್ಟು ಹಣ ವೆಚ್ಚವಾಯಿತೆಂದು ಬರೆದರೆ ಸಾಲದು, ಅದರಿಂದ ಆದ ಕೆಲಸವೆಷ್ಟೆಂಬುದನ್ನೂ ಮುಂಗಡಪತ್ರ ತೋರಿಸಬೇಕೆಂಬುದು ಅದರ ಮುಖ್ಯ ಸಲಹೆಗಳಲ್ಲೊಂದು. ಆಮೇಲೆ ರೈಲ್ವೆ ಮಂತ್ರಿಯೂ ಆಗಿದ್ದರು. 1977ರ ಚುನಾವಣೆಯಲ್ಲಿ ನಮ್ಮ ಕರಾವಳಿಯವರೇ ಆದ ಕೆ. ಎಸ್. ಹೆಗ್ಡೆಯವರೆದುರು ಸೋತರು. 1980ರ ಡಿಸೆಂಬರ್ 1ರಂದು ತೀರಿಕೊಂಡರು.