ಛಾಯಾಗ್ರಾಹಕ ವಿ. ಕೆ. ಮೂರ್ತಿ

ಚಲನಚಿತ್ರವನ್ನು ನೋಡಿ ಹೊರಬಂದವರು ನಟನಟಿಯರನ್ನು ಕೊಂಡಾಡುತ್ತಾರೆ, ಹಾಡುಗಳನ್ನು ಗುನುಗುತ್ತಾರೆ. ಆ ದೃಶ್ಯಗಳನ್ನು ಸೆರೆಹಿಡಿದವರ ಹೆಸರನ್ನು ವಿಚಾರಿಸುವವರು ವಿರಳ. ಹೀಗೆ ತೆರೆಯ ಮರೆಯಲ್ಲಿಯೇ ಉಳಿದು ಭಾರತೀಯ ಚಿತ್ರರಂಗಕ್ಕೆ ಹೊಸ ಕಾಂತಿಯನ್ನು ತಂದವರು ಕನ್ನಡಿಗರಾದ ವಿ. ಕೆ. ಮೂರ್ತಿಯವರು.

ಮೂರ್ತಿಯವರು 1923ರ ನವೆಂಬರ್ 26ರಂದು ಮೈಸೂರಿನಲ್ಲಿ ಜನಿಸಿದರು. ಎಳವೆಯಲ್ಲಿ ಪಿಟೀಲು ಕಲಿತರು. ಸ್ವಾತಂತ್ರ್ಯ ಚಳವಳಿಯಲ್ಲಿ ಪಾಲ್ಗೊಂಡು ಸೆರೆಮನೆವಾಸವನ್ನೂ ಅನುಭವಿಸಿದರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣವನ್ನು ವ್ಯಾಸಂಗ ಮಾಡಿ, 1946ರಲ್ಲಿ ಡಿಪ್ಲೊಮಾ ಪಡೆದು ಮುಂಬಯಿಯ ಚಿತ್ರರಂಗವನ್ನು ಸೇರಿದರು.

1951ರಲ್ಲಿ ತೆರೆಕಂಡ 'ಬಾಜಿ' ಚಿತ್ರದಲ್ಲಿ ಅವರು ಕೇವಲ ಸಹಾಯಕರು. ಕನ್ನಡಿಯೊಂದನ್ನು ಬಳಸಿ ಕಠಿಣವಾದ ದೃಶ್ಯವೊಂದನ್ನು ಚಿತ್ರೀಕರಿಸುವ ಬಗೆಯನ್ನು ಅವರು ಸೂಚಿಸಿದರು. ಅದನ್ನು ಯಶಸ್ವಿಯಾಗಿ ನೆರವೇರಿಸಿಯೂ ತೋರಿಸಿದರು. ಬೆಂಗಳೂರಿನಲ್ಲಿ ಜನಿಸಿದ ನಿರ್ದೇಶಕ ಗುರುದತ್ತರು ಇದನ್ನು ಕಂಡು ಬೆರಗಾಗಿ, ಮುಂದಿನ ವರ್ಷದ 'ಜಾಲ್' ಚಿತ್ರಕ್ಕೆ ಅವರನ್ನೇ ಛಾಯಾಗ್ರಾಹಕರನ್ನಾಗಿ ನೇಮಿಸಿಕೊಂಡರು. 1957ರ 'ಪ್ಯಾಸಾ' ಈ ಜೋಡಿಗೆ ಕೀರ್ತಿ ತಂದಿತು.

1959ರ 'ಕಾಗಜ್ ಕೆ ಫೂಲ್' ಸಿನಿಮಾಸ್ಕೋಪ್‌ನಲ್ಲಿ ತಯಾರಾದ ಭಾರತದ ಮೊದಲ ಚಿತ್ರ. ಬರಿದಾದ ಸ್ಟುಡಿಯೋದಲ್ಲಿ ನಾಯಕ ನಾಯಕಿಯರು ಎದುರುಬದುರಾಗಿ ನಿಂತಿರುವ ದೃಶ್ಯಕ್ಕೆ ಮೇಲಿನಿಂದ ಇಳಿಯುವ ಒಂದೇ ಒಂದು ಬೆಳಕಿನ ಕೋಲು ಬೇಕಾಗಿತ್ತು. ಖಾನಾಪುರದಂತಹ ಮಳೆಸೀಮೆಯ ಹೆಂಚಿನ ಮನೆಗಳಲ್ಲಿ ಬೆಳಕಿಂಡಿಯಿಂದ ಬಿಸಿಲುಕೋಲು ಇಳಿದು, ಅದರೊಳಗೆ ಧೂಳಿನ ಕಣಗಳು ಕುಣಿಯುವುದನ್ನು ನೋಡಿದವರಿಗೆ ಆ ದೃಶ್ಯವನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಆದರೆ ಅದನ್ನು ದೀಪದಿಂದ ಉಂಟುಮಾಡುವುದು ಹೇಗೆ? ಹತ್ತಿರದ ದೀಪದ ಕಿರಣಗಳು ಹರಡಿಕೊಳ್ಳುತ್ತವೆ. ಬಹುದೂರದ ಸೂರ್ಯನ ಕಿರಣಗಳಾದರೋ ಬಹುಮಟ್ಟಿಗೆ ಸಮಾಂತರವಾಗಿ ಬರುತ್ತವೆ. ಮೂರ್ತಿಯವರು ಸೂರ್ಯನನ್ನೇ ಒಳಗೆ ಕರೆತಂದರು! ಹೊರಗೆ ಒಂದು ದೊಡ್ಡ ಕನ್ನಡಿಯನ್ನಿರಿಸಿ, ಅದರಿಂದ ಪ್ರತಿಫಲಿಸಿದ ಬಿಸಿಲನ್ನು ಒಳಗಿನ ಮತ್ತೊಂದು ಕನ್ನಡಿಯ ಮೇಲೆ ಬೀಳಿಸಿ, ಅಲ್ಲಿಂದ ದೃಶ್ಯದ ನಡುವೆ ಇಳಿಸಿದರು. ತುಸು ಹೊಗೆ ಹಾಯಿಸಿದಾಗ ಬೆಳಕಿನ ಕೋಲು ಸ್ಪಷ್ಟವಾಗಿ ಮೂಡಿತು. ದುಬಾರಿ ಯಂತ್ರವೊಂದೂ ಇದಕ್ಕೆ ಬೇಕಾಗಲಿಲ್ಲ.

ಇಷ್ಟಾದರೂ ಚಿತ್ರವು ಪ್ರೇಕ್ಷಕರ ಮನ್ನಣೆಯನ್ನು ಗಳಿಸದೆ ಸೋತಿತು. ನೊಂದ ಗುರುದತ್ತರು ಆ ಬಳಿಕ ಯಾವ ಚಿತ್ರಕ್ಕೂ ನಿರ್ದೇಶಕರೆಂದು ತಮ್ಮ ಹೆಸರನ್ನು ಹಾಕಿಕೊಳ್ಳಲಿಲ್ಲ. ಛಾಯಾಗ್ರಹಣಕ್ಕೆ ಮಾತ್ರ ಫಿಲ್ಮ್‌ಫೇರ್ ಪ್ರಶಸ್ತಿ ಬಂದಿತು. 1962ರ 'ಸಾಹಿಬ್ ಬೀಬಿ ಔರ್ ಗುಲಾಮ್' ಚಿತ್ರಕ್ಕಾಗಿ ಅದೇ ಪ್ರಶಸ್ತಿ ಮೂರ್ತಿಯವರಿಗೆ ಮತ್ತೊಮ್ಮೆ ಸಂದಿತು. ಅದರ ನೃತ್ಯದೃಶ್ಯವೊಂದರಲ್ಲಿ ಸಹನರ್ತಕಿಯರೆಲ್ಲ ನೆರಳಿನಲ್ಲಿದ್ದು, ಮುಖ್ಯ ನರ್ತಕಿಯೊಬ್ಬಳೇ ಬೆಳಕಿನಲ್ಲಿ ಕಾಣುತ್ತಾಳೆ. ನೆರಳನ್ನು ಎಲ್ಲಿ ಉಳಿಸಬೇಕೆಂಬುದನ್ನು ಅವರಷ್ಟು ಬಲ್ಲವರು ಅಪರೂಪ.

1964ರಲ್ಲಿ ಗುರುದತ್ತರು ಅಕಾಲ ಮರಣಕ್ಕೆ ತುತ್ತಾದರು. ಮೂರ್ತಿಯವರು ಕೆಲಸವನ್ನು ಬಿಡಲಿಲ್ಲ. ಅವರ ಕೈಕೆಳಗೆ ಪಳಗಿದ ಗೋವಿಂದ ನಿಹಲಾನಿ ಮುಂದೆ ಹೆಸರಾಂತ ಛಾಯಾಗ್ರಾಹಕರೂ ನಿರ್ದೇಶಕರೂ ಆದರು. ಶಿಷ್ಯನು ನಿರ್ದೇಶಿಸಿದ 'ತಮಸ್'ಗೆ ಗುರುವೇ ಕ್ಯಾಮೆರಾ ಹಿಡಿದರು. 1993ರ 'ಹೂವು ಹಣ್ಣು' ಅವರು ಛಾಯಾಗ್ರಹಣ ಮಾಡಿದ ಕನ್ನಡ ಚಿತ್ರ.

2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯನ್ನು 2010ರಲ್ಲಿ ಅವರಿಗೆ ಪ್ರದಾನ ಮಾಡಲಾಯಿತು. ಛಾಯಾಗ್ರಹಣವೊಂದಕ್ಕಾಗಿಯೇ ಆ ಗೌರವವನ್ನು ಪಡೆದವರಲ್ಲಿ ಅವರೇ ಮೊದಲಿಗರು. 2014ರ ಏಪ್ರಿಲ್ 7ರಂದು ಬೆಂಗಳೂರಿನಲ್ಲಿ ಮೂರ್ತಿಯವರು ನಿಧನರಾದರು. ಆಗ ಅವರಿಗೆ 90 ವರ್ಷ ವಯಸ್ಸಾಗಿತ್ತು.