ತಾಯಿಗೆ ಸಕ್ಕರೆ ಕಾಯಿಲೆ, ಮಗ ಡಾಕ್ಟರ್: ಕೀಟೋ ಶುರು ಮಾಡುವ ಮುನ್ನ ಜಾಸ್ಲಿನ್ ಕಥೆ ಓದಿ

ಶುಗರ್ ಇದೆ ಅಂತ ರಿಪೋರ್ಟ್ ಬಂದ ವಿಷಯ ಮನೆಮಂದಿಗೆ ಗೊತ್ತಾದರೆ ಸಾಕು, ಮೊಬೈಲಿಗೆ ಸಲಹೆಗಳು ಬರತೊಡಗುತ್ತವೆ. ಅನ್ನ, ಚಪಾತಿ, ಮುದ್ದೆ ಎಲ್ಲಾ ಬಿಡಿ, ತುಪ್ಪ, ಬೆಣ್ಣೆ, ಪನೀರ್, ಮೊಟ್ಟೆ ತಿನ್ನಿ, ತಿಂಗಳೊಳಗೆ ಮಾತ್ರೆಯನ್ನೂ ಬಿಸಾಕಿ ಎನ್ನುವ ಧಾಟಿಯ ಫಾರ್ವರ್ಡ್‌ಗಳು ನಮಗೂ ಬಂದಿವೆ, ನಿಮಗೂ ಬಂದಿರುತ್ತವೆ. ಇದು ಡಾಕ್ಟರುಗಳು ಮುಚ್ಚಿಟ್ಟ ಹೊಸ ಗುಟ್ಟು ಎಂದು ಕೆಲವರು ಹೇಳಿದರೆ, ಕೀಟೋ ಅಂದರೆ ಬರೀ ವಿಷ ಎಂದು ಇನ್ನು ಕೆಲವರು ಹೆದರಿಸುತ್ತಾರೆ.

ಎರಡೂ ಸರಿಯಲ್ಲ. ಯಾಕೆ ಅನ್ನುವುದನ್ನು ತಿಳಿಯಲು ನಾವು ಅಮೆರಿಕದ ಒಬ್ಬ ವೈದ್ಯರ ಬದುಕನ್ನು ನೋಡೋಣ. ಅವರ ಹೆಸರು ಎಲಿಯಟ್ ಜಾಸ್ಲಿನ್. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಇಲ್ಲದ ಕಾಲವನ್ನೂ ಇನ್ಸುಲಿನ್ ಬಂದ ಮೇಲಿನ ಕಾಲವನ್ನೂ ಕಂಡವರು ಅವರು. ಅಕ್ಕಿ, ಗೋಧಿ, ಸಕ್ಕರೆಯಂಥ ಪಿಷ್ಟದ ಆಹಾರ ಕಡಿಮೆ ಮಾಡಿಸಿ ಸ್ವಂತ ತಾಯಿಯನ್ನೇ ನೋಡಿಕೊಂಡವರು.

ಕಾಯಿಲೆ ಮನೆಯೊಳಗೇ ಇತ್ತು

ಜಾಸ್ಲಿನ್ ಹುಟ್ಟಿದ್ದು 1869ರ ಜೂನ್ 6ರಂದು, ಮ್ಯಾಸಚೂಸೆಟ್ಸ್ ರಾಜ್ಯದ ಆಕ್ಸ್‌ಫರ್ಡ್ ಎಂಬ ಸಣ್ಣ ಊರಿನಲ್ಲಿ. ಇಂಗ್ಲೆಂಡಿನ ಆಕ್ಸ್‌ಫರ್ಡ್ ಬೇರೆ, ಇದು ಬೇರೆ. ತಂದೆಯದು ಶೂ ತಯಾರಿಸುವ ಕಾರ್ಖಾನೆ, ಮನೆಯಲ್ಲಿ ಅನುಕೂಲವಿತ್ತು. ಹುಡುಗ ಯೇಲ್ ವಿಶ್ವವಿದ್ಯಾಲಯದಲ್ಲಿ ಓದಿ, 1895ರಲ್ಲಿ ಹಾರ್ವರ್ಡ್‌ನಲ್ಲಿ ವೈದ್ಯ ಪದವಿ ಪಡೆದ.

ಅವರಿನ್ನೂ ವಿದ್ಯಾರ್ಥಿಯಾಗಿದ್ದಾಗಲೇ, 1893ರಲ್ಲಿ, ಐರಿಶ್ ಮೂಲದ ಒಬ್ಬ ಬಡ ಯುವತಿಯನ್ನು ಪರೀಕ್ಷಿಸಿದ್ದರು. ಆಕೆಗೆ ಸಕ್ಕರೆ ಕಾಯಿಲೆ. ಅವಳ ವಿವರವನ್ನು ಒಂದು ದಪ್ಪ ಪುಸ್ತಕದಲ್ಲಿ ಬರೆದಿಟ್ಟರು. ಆಮೇಲೆ ಬಂದ ಪ್ರತಿ ರೋಗಿಯ ಹೆಸರು, ವಯಸ್ಸು, ತೂಕ, ಮೂತ್ರದಲ್ಲಿ ಸಕ್ಕರೆ ಎಷ್ಟು, ಎಷ್ಟು ವರ್ಷ ಬದುಕಿದರು ಎಲ್ಲವೂ ಅದೇ ಲೆಕ್ಕಕ್ಕೆ ಸೇರುತ್ತಾ ಹೋಯಿತು. ಅಂಗಡಿಯವರು ಖಾತೆ ಬರೆಯುವಷ್ಟು ಶಿಸ್ತಾಗಿ ಅವರು ಬದುಕಿರುವವರೆಗೂ ಈ ಲೆಕ್ಕ ನಡೆಯಿತು.

1898ರಲ್ಲಿ ಬಾಸ್ಟನ್ ನಗರದಲ್ಲಿ ಸ್ವಂತ ಪ್ರಾಕ್ಟೀಸ್ ಶುರು ಮಾಡಿದರು. ಚಿಕ್ಕಮ್ಮನಿಗೆ ಆಗಲೇ ಸಕ್ಕರೆ ಕಾಯಿಲೆ ಬಂದಿತ್ತು. ಸ್ವಲ್ಪ ಸಮಯದಲ್ಲೇ ತಾಯಿ ಸಾರಾ ಅವರಿಗೂ ಅದೇ ಕಾಯಿಲೆ ಇರುವುದು ಗೊತ್ತಾಯಿತು. ಆಗ ಟೈಪ್ 1, ಟೈಪ್ 2 ಎಂಬ ಹೆಸರುಗಳಿರಲಿಲ್ಲ. ಆದರೆ ವಯಸ್ಸಾದ ಮೇಲೆ ಬಂದು, ಇನ್ಸುಲಿನ್ ಇಲ್ಲದೆಯೂ ವರ್ಷಗಟ್ಟಲೆ ಹತೋಟಿಯಲ್ಲಿದ್ದ ಅವರ ಕಾಯಿಲೆ ಇಂದಿನ ಟೈಪ್ 2ಕ್ಕೆ ಹೊಂದುತ್ತದೆ.

ಪಿಷ್ಟ ಬಿಡುವ ಪದ್ಧತಿ ಎಷ್ಟು ಹಳೆಯದು?

ತಾಯಿಗೆ ಏನು ಚಿಕಿತ್ಸೆ ಕೊಡಬಹುದಿತ್ತು? ಮಾತ್ರೆ ಇರಲಿಲ್ಲ, ಇಂಜೆಕ್ಷನ್ ಇರಲಿಲ್ಲ. ಇದ್ದದ್ದು ಊಟದ ಬದಲಾವಣೆ ಒಂದೇ.

ಅದು ಜಾಸ್ಲಿನ್ ಕಂಡುಹಿಡಿದದ್ದೇನೂ ಅಲ್ಲ. ಬ್ರಿಟಿಷ್ ಸೈನ್ಯದ ವೈದ್ಯ ಜಾನ್ ರೋಲೋ 1797ರಲ್ಲೇ ಸಕ್ಕರೆ ಕಾಯಿಲೆಗೆ ಮಾಂಸ ಮತ್ತು ಕೊಬ್ಬು ಹೆಚ್ಚಾಗಿರುವ ಪಥ್ಯದ ಬಗ್ಗೆ ಬರೆದಿದ್ದರು. 1870ರಲ್ಲಿ ಪ್ಯಾರಿಸ್ ನಗರಕ್ಕೆ ಜರ್ಮನ್ ಸೈನ್ಯ ಮುತ್ತಿಗೆ ಹಾಕಿದಾಗ ಜನರಿಗೆ ಹೊಟ್ಟೆತುಂಬ ಊಟ ಸಿಗಲಿಲ್ಲ. ಆಗ ತನ್ನ ರೋಗಿಗಳ ಮೂತ್ರದಲ್ಲಿ ಸಕ್ಕರೆ ಇಳಿದದ್ದನ್ನು ಅಪೊಲಿನೇರ್ ಬುಶಾರ್ದಾ ಎಂಬ ಫ್ರೆಂಚ್ ವೈದ್ಯ ಗಮನಿಸಿದರು. ಅಂದರೆ ಪಿಷ್ಟ ಕಡಿಮೆಯಾದರೆ, ಒಟ್ಟು ಊಟವೂ ಕಡಿಮೆಯಾದರೆ ಸಕ್ಕರೆ ಇಳಿಯುತ್ತದೆ ಎನ್ನುವುದನ್ನು ಯಾರೂ ಮುಚ್ಚಿಟ್ಟಿರಲಿಲ್ಲ. ಇನ್ಸುಲಿನ್ ಬರುವ ಮೊದಲು ವೈದ್ಯರ ಕೈಯಲ್ಲಿದ್ದ ಮುಖ್ಯ ಚಿಕಿತ್ಸೆಯೇ ಅದು.

ಸಾರಾ ಅವರ ಊಟವೂ ಹಾಗೇ ಬದಲಾಯಿತು. ಮಗ ತೂಕ ನೋಡಿದ, ಮೂತ್ರ ಪರೀಕ್ಷಿಸಿದ, ಫಲಿತಾಂಶ ನೋಡಿಕೊಂಡು ಊಟ ತಿದ್ದಿದ. ತಾಯಿ ಹತ್ತಕ್ಕೂ ಹೆಚ್ಚು ವರ್ಷ ಬದುಕಿದರು. ಆ ಕಾಲಕ್ಕೆ ಅದು ದೊಡ್ಡ ಮಾತು. ತಾಯಿಯ ವಿವರವೂ ಉಳಿದ ರೋಗಿಗಳಂತೆ ಅದೇ ದಪ್ಪ ಪುಸ್ತಕ ಸೇರಿತು.

ಇಷ್ಟನ್ನೇ ಕತ್ತರಿಸಿ ಫಾರ್ವರ್ಡ್ ಮಾಡಿದರೆ ಕೀಟೋ ಗೆದ್ದಂತೆ ಕಾಣುತ್ತದೆ. ಆದರೆ ಜಾಸ್ಲಿನ್ ಬದುಕಿನಲ್ಲಿ ಇನ್ನೂ ಅರ್ಧ ಶತಮಾನದ ಕಥೆ ಬಾಕಿ ಇದೆ.

ಹಸಿವಿನ ಚಿಕಿತ್ಸೆಯ ವರ್ಷಗಳು

ಎಲ್ಲ ರೋಗಿಗಳೂ ಸಾರಾ ಅವರಂತೆ ಇರಲಿಲ್ಲ. ಮಕ್ಕಳು ಮತ್ತು ಯುವಕರಲ್ಲಿ ಕಾಯಿಲೆ ಬೆಂಕಿಯಂತೆ ಹರಡುತ್ತಿತ್ತು. ಇಂದು ನಾವು ಟೈಪ್ 1 ಎನ್ನುವ ಈ ಕಾಯಿಲೆಯಲ್ಲಿ ದೇಹದಲ್ಲಿ ಇನ್ಸುಲಿನ್ ಹೆಚ್ಚುಕಡಿಮೆ ಇರುವುದೇ ಇಲ್ಲ. ಇನ್ಸುಲಿನ್ ಇಲ್ಲದಿದ್ದರೆ ಜೀವಕೋಶಗಳಿಗೆ ಸಕ್ಕರೆ ಬಳಸಲು ಬರುವುದಿಲ್ಲ. ದೇಹ ಕೊಬ್ಬನ್ನು ಕರಗಿಸತೊಡಗುತ್ತದೆ, ಲಿವರ್ ಅದರಿಂದ ಕೀಟೋನ್ ಎಂಬ ವಸ್ತುಗಳನ್ನು ತಯಾರಿಸುತ್ತದೆ. ಅವು ಮಿತಿಮೀರಿದರೆ ರಕ್ತ ಆಮ್ಲೀಯವಾಗಿ ರೋಗಿ ಪ್ರಜ್ಞೆ ತಪ್ಪುತ್ತಾನೆ. ಆ ಕಾಲದಲ್ಲಿ ಸಕ್ಕರೆ ಕಾಯಿಲೆಯಿಂದ ಸತ್ತವರಲ್ಲಿ ಬಹಳ ಜನ ಸತ್ತದ್ದು ಹೀಗೆ.

ಇಲ್ಲಿ ಒಂದು ವ್ಯತ್ಯಾಸ ತಿಳಿದಿರಲಿ. ಪಿಷ್ಟ ಬಿಟ್ಟಾಗ ಯಾರ ದೇಹದಲ್ಲಾದರೂ ಸ್ವಲ್ಪ ಕೀಟೋನ್ ಬರುತ್ತದೆ. ಇನ್ಸುಲಿನ್ ಸಾಕಷ್ಟಿದ್ದರೆ ಅದು ಕೀಟೋನನ್ನು ಹದ್ದುಬಸ್ತಿನಲ್ಲಿಡುತ್ತದೆ. ಕೀಟೋ ಡಯಟ್‌ನಲ್ಲಿ ಆಗಬೇಕಾದದ್ದು ಇದು. ಇನ್ಸುಲಿನ್ ಇಲ್ಲದಾಗ ಕೀಟೋನ್ ಉಕ್ಕಿ ರಕ್ತವೇ ಆಮ್ಲೀಯವಾಗುವುದು ಬೇರೆ. ಅದಕ್ಕೆ ಕೀಟೋಆಸಿಡೋಸಿಸ್ ಎಂದು ಹೆಸರು, ಅದು ತುರ್ತು ಸ್ಥಿತಿ.

ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿದ್ದ ಫ್ರೆಡರಿಕ್ ಆ್ಯಲನ್ ಎಂಬ ವೈದ್ಯ ಇನ್ನೂ ಕಠಿಣ ದಾರಿ ಹಿಡಿದರು. ಮೂತ್ರದಲ್ಲಿ ಸಕ್ಕರೆ ಕಾಣದಾಗುವವರೆಗೆ ಉಪವಾಸ, ಆಮೇಲೆ ಅಳೆದು ಕೊಡುವ ಅತಿ ಕಡಿಮೆ ಊಟ. ಜಾಸ್ಲಿನ್ ಕೂಡ ಇದನ್ನು ಒಪ್ಪಿ ಬಳಸಿದರು. 1916ರಲ್ಲಿ ತಾವೇ ನೋಡಿದ 1,000 ರೋಗಿಗಳ ಲೆಕ್ಕ ಇಟ್ಟುಕೊಂಡು ದೊಡ್ಡ ವೈದ್ಯಕೀಯ ಪುಸ್ತಕ ಬರೆದರು. ಊಟದ ಹತೋಟಿ ಮತ್ತು ವ್ಯಾಯಾಮದಿಂದ ಸಾವು ಸುಮಾರು ಶೇ 20ರಷ್ಟು ತಗ್ಗಿದೆ ಎಂಬುದು ಅವರ ಲೆಕ್ಕ.

ಆದರೆ ಮಕ್ಕಳಿಗೆ ಇದು ಸಾವನ್ನು ಮುಂದೂಡುವ ಉಪಾಯ ಮಾತ್ರವಾಗಿತ್ತು. ಕೆಲವು ತಿಂಗಳು, ಹೆಚ್ಚೆಂದರೆ ಕೆಲವು ವರ್ಷ. ಅಷ್ಟರಲ್ಲಿ ಮಗು ಮೂಳೆ ಚಕ್ಕಳವಾಗುತ್ತಿತ್ತು.

ರೋಗಿಯ ಕೈಗೆ ಪುಸ್ತಕ

1918ರಲ್ಲಿ ಜಾಸ್ಲಿನ್ ಇನ್ನೊಂದು ಪುಸ್ತಕ ತಂದರು. ವೈದ್ಯರು ಮತ್ತು ರೋಗಿ ಇಬ್ಬರೂ ಸೇರಿ ಬಳಸಲೆಂದೇ ಬರೆದ ಕೈಪಿಡಿ ಅದು. ಊಟ ತೂಗುವುದು ಹೇಗೆ, ಮೂತ್ರ ಪರೀಕ್ಷೆ ಮನೆಯಲ್ಲೇ ಮಾಡುವುದು ಹೇಗೆ, ಕಾಲಿನ ಆರೈಕೆ ಹೇಗೆ, ಎಲ್ಲವೂ ಅದರಲ್ಲಿತ್ತು. ರೋಗಿಗಳ ಮನೆಗೇ ಹೋಗಿ ಕಲಿಸಲು ನರ್ಸ್‌ಗಳಿಗೆ ತರಬೇತಿ ಕೊಟ್ಟರು. ರೋಗಿಗೆ ತಿಳಿವಳಿಕೆ ಕೊಡುವುದೂ ಚಿಕಿತ್ಸೆಯೇ ಎಂದು ಅವರು ನಂಬಿದ್ದರು.

1921ರಲ್ಲಿ ತಮ್ಮ ಹುಟ್ಟೂರಿನ ಒಂದೇ ಬೀದಿಯ ಅಕ್ಕಪಕ್ಕದ ಮನೆಗಳಲ್ಲಿ ಹಲವರಿಗೆ ಸಕ್ಕರೆ ಕಾಯಿಲೆ ಬಂದದ್ದನ್ನು ಎತ್ತಿ ಬರೆದರು. ಅಂಟುರೋಗವಾಗಿದ್ದರೆ ಸರ್ಕಾರ ಓಡಿ ಬರುತ್ತಿತ್ತು, ಇದಕ್ಕೆ ಮಾತ್ರ ಯಾರಿಗೂ ಗಾಬರಿಯಿಲ್ಲ ಎಂಬುದು ಅವರ ಕಳವಳ. ತೂಕ ಹೆಚ್ಚದಂತೆ ನೋಡಿಕೊಂಡರೆ ಎಷ್ಟೋ ಜನರಲ್ಲಿ ಇದನ್ನು ತಡೆಯಬಹುದು ಎಂದು ನೂರು ವರ್ಷದ ಹಿಂದೆಯೇ ಅವರು ವಾದಿಸಿದ್ದರು.

ಅದೇ 1921ರಲ್ಲಿ ಮೇಯೋ ಕ್ಲಿನಿಕ್‌ನ ರಸೆಲ್ ವೈಲ್ಡರ್ ಎಂಬ ವೈದ್ಯ ಕೀಟೋಜೆನಿಕ್ ಡಯಟ್ ಎಂಬ ಹೆಸರಿಟ್ಟರು. ಅದು ಮೂರ್ಛೆರೋಗಕ್ಕೆಂದು ಸೂಚಿಸಿದ ಊಟ. ಇಂದಿಗೂ ಔಷಧಕ್ಕೆ ಬಗ್ಗದ ಮೂರ್ಛೆಯಿರುವ ಮಕ್ಕಳಿಗೆ ಆಸ್ಪತ್ರೆಗಳು ಅದನ್ನು ಕೊಡುತ್ತವೆ.

ಇನ್ಸುಲಿನ್ ಬಂತು

1922ರ ಜನವರಿಯಲ್ಲಿ ಕೆನಡಾದ ಟೊರಾಂಟೋದಲ್ಲಿ ಮೊದಲ ಬಾರಿಗೆ ಒಬ್ಬ ಹುಡುಗನಿಗೆ ಇನ್ಸುಲಿನ್ ಚುಚ್ಚಿದರು. ಅದೇ ಆಗಸ್ಟ್‌ನಲ್ಲಿ ಅದು ಜಾಸ್ಲಿನ್ ಕೈಗೂ ಬಂತು. ಅವರು ಮೊದಲು ಕೊಟ್ಟದ್ದು 30 ಕಿಲೋ ಆಸುಪಾಸು ತೂಕಕ್ಕೆ ಇಳಿದಿದ್ದ, ಮನೆಯಿಂದ ಹೊರಗೆ ಬರಲೂ ಆಗದಿದ್ದ ಒಬ್ಬ ಮಹಿಳೆಗೆ. ಆಕೆ ಚೇತರಿಸಿಕೊಂಡು ಮತ್ತೆ ನಡೆದಾಡಿದರು.

ಊಟದಿಂದಲೇ ಎಲ್ಲವನ್ನೂ ನಡೆಸಿಕೊಂಡು ಬಂದಿದ್ದ ವೈದ್ಯ ಇಲ್ಲಿ ಹಟ ಮಾಡಬಹುದಿತ್ತು. ಜಾಸ್ಲಿನ್ ಮಾಡಲಿಲ್ಲ. ಔಷಧ ಬಂದೊಡನೆ ತೆಗೆದುಕೊಂಡರು. ಊಟದ ಹತೋಟಿಯನ್ನೂ ಬಿಡಲಿಲ್ಲ. ಊಟ, ವ್ಯಾಯಾಮ, ಇನ್ಸುಲಿನ್ ಈ ಮೂರನ್ನೂ ಒಂದೇ ಗಾಡಿಗೆ ಕಟ್ಟಿದ ಮೂರು ಕುದುರೆಗಳಂತೆ ನೋಡಿದರು. ಒಂದು ಎಡವಿದರೂ ಗಾಡಿ ವಾಲುತ್ತದೆ.

ಕೊಬ್ಬಿನ ಬಗ್ಗೆಯೂ ಅವರ ಮನಸ್ಸು ಬದಲಾಯಿತು. ರೋಗಿಗಳು ಈಗ ಹೆಚ್ಚು ವರ್ಷ ಬದುಕುತ್ತಿದ್ದರು. ಹಾಗಾಗಿ ಹೃದಯ ಮತ್ತು ರಕ್ತನಾಳದ ತೊಂದರೆಗಳು ಮುಂದೆ ಬಂದವು. ಅದಕ್ಕೆ ಅತಿಯಾದ ಕೊಬ್ಬು ಕಾರಣವಿರಬಹುದೇ ಎಂಬ ಅನುಮಾನವನ್ನು 1927ರಲ್ಲಿ ಬರೆದೇಬಿಟ್ಟರು. ತಾವೇ ವರ್ಷಗಟ್ಟಲೆ ಕೊಟ್ಟ ಊಟವನ್ನೂ ಲೆಕ್ಕ ನೋಡಿ ಪ್ರಶ್ನಿಸುವ ಧೈರ್ಯ ಅವರಿಗಿತ್ತು.

ಮುಂದೆ ಕೆಲವು ವೈದ್ಯರು ರೋಗಿಗೆ ಇಷ್ಟಬಂದಂತೆ ತಿನ್ನಲು ಬಿಡಿ, ರಕ್ತದ ಸಕ್ಕರೆ ಸ್ವಲ್ಪ ಹೆಚ್ಚಿದ್ದರೂ ನಡೆಯುತ್ತದೆ ಎಂದು ವಾದಿಸಿದರು. ಜಾಸ್ಲಿನ್ ಒಪ್ಪಲಿಲ್ಲ. ಬಿಗಿ ಹತೋಟಿ ಬೇಕು ಎಂದು ಕೊನೆಯವರೆಗೂ ಪಟ್ಟುಹಿಡಿದರು. 1962ರ ಜನವರಿ 28ರಂದು, 92ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಮಾತು ಸರಿ ಎಂದು ಟೈಪ್ 1ರ ವಿಷಯದಲ್ಲಿ 1993ರಲ್ಲಿ, ಟೈಪ್ 2ರ ವಿಷಯದಲ್ಲಿ 1998ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನಗಳು ತೋರಿಸಿದವು. ಸಕ್ಕರೆ ಹತೋಟಿಯಲ್ಲಿದ್ದವರಲ್ಲಿ ಕಣ್ಣು, ಕಿಡ್ನಿಯ ತೊಂದರೆ ಕಡಿಮೆಯಾಗಿತ್ತು.

ಹಾಗಾದರೆ ಕೀಟೋ ಮಾಡಬಹುದೇ?

ಕೀಟೋದಲ್ಲಿ ಸಾಮಾನ್ಯವಾಗಿ ದಿನಕ್ಕೆ 20ರಿಂದ 50 ಗ್ರಾಂ ಕಾರ್ಬೋಹೈಡ್ರೇಟ್ ಮಾತ್ರ. ಒಂದು ಕಪ್ ಅನ್ನದಲ್ಲೇ ಸುಮಾರು 45 ಗ್ರಾಂ ಇರುತ್ತದೆ. ರಾಗಿ ಮುದ್ದೆ ತಿಂದರೆ ಪರವಾಗಿಲ್ಲ ಎನ್ನುವವರೂ ಇದ್ದಾರೆ. ರಾಗಿಯೂ ಮುಖ್ಯವಾಗಿ ಪಿಷ್ಟವೇ.

ಟೈಪ್ 2 ಇರುವ ದೊಡ್ಡವರಲ್ಲಿ ಪಿಷ್ಟ ತಗ್ಗಿಸಿದರೆ ಮೊದಲ ಆರು ತಿಂಗಳು ಸಕ್ಕರೆ ಚೆನ್ನಾಗಿ ಇಳಿಯುವುದು ಅಧ್ಯಯನಗಳಲ್ಲಿ ಕಂಡಿದೆ. ವರ್ಷ ಕಳೆಯುವ ಹೊತ್ತಿಗೆ ಬೇರೆ ಪಥ್ಯಗಳಿಗೂ ಇದಕ್ಕೂ ಇರುವ ಅಂತರ ಕಡಿಮೆಯಾಗುತ್ತದೆ. ಬಹಳ ಜನಕ್ಕೆ ಅಷ್ಟು ಕಟ್ಟುನಿಟ್ಟು ಸಾಗಿಸುವುದು ಕಷ್ಟ ಎನ್ನುವುದು ಇದಕ್ಕೆ ಒಂದು ಕಾರಣ.

ಶುಗರ್ ಹತೋಟಿಗೆ ಕೀಟೋ ಒಂದೇ ದಾರಿಯೂ ಅಲ್ಲ. ಬ್ರಿಟನ್ನಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಡೈರೆಕ್ಟ್ ಎಂಬ ಅಧ್ಯಯನದಲ್ಲಿ, ಕಾಯಿಲೆ ಗೊತ್ತಾಗಿ ಆರು ವರ್ಷ ದಾಟದವರಿಗೆ ಕೆಲವು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿಯ ಪುಡಿ ಆಹಾರ ಕೊಟ್ಟರು. ಒಂದು ವರ್ಷದ ನಂತರ ಅವರಲ್ಲಿ ಶೇ 46ರಷ್ಟು ಜನ ಔಷಧವಿಲ್ಲದೆ ಹತೋಟಿಯಲ್ಲಿದ್ದರು. ಆ ಪುಡಿಯಲ್ಲಿ ಅರ್ಧಕ್ಕಿಂತ ಹೆಚ್ಚು ಶಕ್ತಿ ಬರುತ್ತಿದ್ದದ್ದು ಕಾರ್ಬೋಹೈಡ್ರೇಟ್‌ನಿಂದಲೇ! ಕೆಲಸ ಮಾಡಿದ್ದು ತೂಕ ಇಳಿಕೆ. ಅವರ ಮಾತ್ರೆ ನಿಲ್ಲಿಸಿದ್ದೂ ವೈದ್ಯಕೀಯ ತಂಡದ ನಿಗಾದಲ್ಲೇ.

ಅಪಾಯ ಇರುವುದು ಇಲ್ಲಿ:

- ಗ್ಲಿಮೆಪಿರೈಡ್, ಗ್ಲಿಕ್ಲಜೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಅದೇ ಡೋಸ್ ಇಟ್ಟುಕೊಂಡು ಪಿಷ್ಟ ಬಿಟ್ಟರೆ ಸಕ್ಕರೆ ವಿಪರೀತ ಇಳಿದು ಬೆವರು, ನಡುಕ, ಪ್ರಜ್ಞೆ ತಪ್ಪುವುದು ಆಗಬಹುದು.
- ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್‌ನಂಥ ಮಾತ್ರೆ ತೆಗೆದುಕೊಳ್ಳುವವರಲ್ಲಿ ಕೀಟೋದಿಂದ ಕೀಟೋಆಸಿಡೋಸಿಸ್ ಬರುವ ಅಪಾಯ ಹೆಚ್ಚುತ್ತದೆ. ಆಗ ಗ್ಲುಕೋಮೀಟರಿನಲ್ಲಿ ಸಕ್ಕರೆ ಹೆಚ್ಚು ತೋರಿಸದೆಯೂ ಇರಬಹುದು. ವಾಂತಿ, ಹೊಟ್ಟೆನೋವು, ಜೋರು ಉಸಿರಾಟ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ.
- ಟೈಪ್ 1 ಇರುವವರು, ಗರ್ಭಿಣಿಯರು, ಕಿಡ್ನಿ ತೊಂದರೆ ಇರುವವರು ತಾವಾಗಿಯೇ ಇದಕ್ಕೆ ಕೈಹಾಕಲೇಬಾರದು.
- ಇನ್ಸುಲಿನ್ನನ್ನು ನಾವೇ ನಿಲ್ಲಿಸುವುದು ಜೀವಕ್ಕೇ ಅಪಾಯ.

ಆದ್ದರಿಂದ ಕೀಟೋ ಶುರು ಮಾಡುವ ಮನಸ್ಸಿದ್ದರೆ ಮೊದಲು ಮಾತ್ರೆಗಳ ಚೀಟಿ ಹಿಡಿದು ಡಾಕ್ಟರ ಹತ್ತಿರ ಹೋಗಿ. ಊಟ ಬದಲಾಗುವ ದಿನವೇ ಡೋಸ್ ಬದಲಾಗಬೇಕೇ ಎಂದು ಕೇಳಿ. ಕಿಡ್ನಿ ಮತ್ತು ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಿ. ಮನೆಯಲ್ಲಿ ಸಕ್ಕರೆ ನೋಡಿ ತಾರೀಖು ಹಾಕಿ ಬರೆದಿಡಿ. ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಔಷಧವಿಲ್ಲದೆ ಕನಿಷ್ಠ ಮೂರು ತಿಂಗಳು ಶೇ 6.5ಕ್ಕಿಂತ ಕೆಳಗಿದ್ದರೆ ಅದನ್ನು ಕಾಯಿಲೆಯ ಉಪಶಮನ ಎನ್ನುತ್ತಾರೆ. ಅದು ಪೂರ್ತಿ ವಾಸಿಯಲ್ಲ, ತೂಕ ಹೆಚ್ಚಿದರೆ ಸಕ್ಕರೆ ಮತ್ತೆ ಏರಬಹುದು. ಹಾಗಾಗಿ ಪರೀಕ್ಷೆ ಮುಂದುವರಿಯಬೇಕು.

ಸಾರಾ ಜಾಸ್ಲಿನ್ ಅವರಿಗೆ ಮಾತ್ರೆಯ ಆಯ್ಕೆ ಇರಲಿಲ್ಲ. ಆದರೆ ಪಕ್ಕದಲ್ಲಿ ಡಾಕ್ಟರ್ ಇದ್ದರು, ಮುಂದೆ ಲೆಕ್ಕದ ಪುಸ್ತಕ ಇತ್ತು. ನಮಗೆ ಮೂರೂ ಸಿಗುತ್ತವೆ. ಮಾತ್ರೆ ಬಿಸಾಕಿ ಎನ್ನುವ ಮೆಸೇಜ್ ಮತ್ತೆ ಬಂದರೆ, ಅದರ ಕೆಳಗೆ ಈ ಲೇಖನವನ್ನೂ ಹಾಕಿಬಿಡಿ.