ಮೊನೆಗೆ ಹೆದರದ ಗಣಿತಜ್ಞ ಹರೀಶ್ ಚಂದ್ರ



ಗಣಿತ ಅಂದ ಕೂಡಲೇ ನಾವು ರಾಮಾನುಜನ್ ಹೆಸರು ಹೇಳ್ತೀವಿ. ನಾನು ಈ ಸಲ ಹರೀಶ್ ಚಂದ್ರರ ವಿಷಯ ಬರೆಯುತ್ತೇನೆ. ಇವರು ನಾಟಕದ ಸತ್ಯ ಹರಿಶ್ಚಂದ್ರ ಅಲ್ಲ!

ಇವರು 1923ರ ಅಕ್ಟೋಬರ್ 11ರಂದು ಕಾನ್ಪುರದಲ್ಲಿ ಜನಿಸಿದರು. ಚಿಕ್ಕಂದಿನಲ್ಲಿ ಆಗಾಗ ಕಾಯಿಲೆ ಬೀಳುತ್ತಿದ್ದರು. ಅಲಹಾಬಾದಿನಲ್ಲಿ ಓದುವಾಗ ವಿಜ್ಞಾನಿ ಡಿರಾಕ್ ಬರೆದ ಪುಸ್ತಕ ಸಿಕ್ಕಿತು. ಭೌತಶಾಸ್ತ್ರದ ಹುಚ್ಚು ಹಿಡಿಯಿತು. 1943ರಲ್ಲಿ ಎಂ.ಎಸ್ಸಿ. ಮುಗಿಸಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಹೋಮಿ ಭಾಭಾ ಅವರ ಬಳಿ ಸಂಶೋಧನೆ ಮಾಡಿದರು. 1945ರಲ್ಲಿ ಕೇಂಬ್ರಿಡ್ಜಿಗೆ ಹೋಗಿ ಅದೇ ಡಿರಾಕ್ ಅವರ ಶಿಷ್ಯರಾದರು. ಆದರೆ ಊಹೆ ಅವರಿಗೆ ಸಾಲದು, ಗಟ್ಟಿ ಸಾಧನೆಯೇ ಬೇಕು. ಅದಕ್ಕೇ ಅಮೆರಿಕಕ್ಕೆ ಹೋದ ಮೇಲೆ ಭೌತಶಾಸ್ತ್ರ ಬಿಟ್ಟು ಗಣಿತಕ್ಕೆ ಬಂದರು.

ಅವರು ಹಿಡಿದದ್ದು ಲೀ ಗುಂಪುಗಳ ಗಣಿತ. ಬಳೆಯನ್ನು ಎಷ್ಟೇ ತಿರುಗಿಸಿ, ಅದು ಹಾಗೇ ಕಾಣುತ್ತದೆ. ಇಂಥ ಎಲ್ಲ ತಿರುಗುವಿಕೆಗಳನ್ನು ಒಟ್ಟುಗೂಡಿಸಿದರೆ ಒಂದು ಲೀ ಗುಂಪು. ನಾರ್ವೆಯ ಸೋಫಸ್ ಲೀ (1842–1899) ಇದಕ್ಕೆ ಅಡಿಪಾಯ ಹಾಕಿದರು.

ಈ ಗಣಿತದಲ್ಲಿ ಒಂದು ಸಮೀಕರಣ ಬರುತ್ತದೆ: ಅ² + ಬಕ = 0. ಇದರ ಚಿತ್ರ ಬರೆದರೆ ಡಮರು ಬರುತ್ತದೆ, ಸೊಂಟ ಮಾತ್ರ ಒಂದೇ ಬಿಂದು. ಬೇರೆ ಕಡೆ ಇರುವೆಗೆ ಅದು ನುಣುಪು ನೆಲ. ಸೊಂಟದಲ್ಲಿ ಮಾತ್ರ ಮೊನೆ. ಚೆಂಡಿನಿಂದ ಒಂದು ಬಿಂದು ತೆಗೆದರೆ ಅದು ಒಂದಾಗೇ ಇರುತ್ತದೆ; ಡಮರುವಿನಿಂದ ಆ ಮೊನೆ ತೆಗೆದರೆ ಎರಡು ತುಂಡು! ಇದೇ ಸಿಂಗ್ಯುಲರ್ ಬಿಂದು.

ಇಂಥ ಕಡೆ ಲೆಕ್ಕ ಕೈಕೊಡುತ್ತೆ, ಬೆಲೆಗಳು ಮಿತಿಮೀರಿ ಬೆಳೆಯಬಹುದು. ಹರೀಶ್ ಚಂದ್ರರು ಅಲ್ಲಿಂದ ಓಡಲಿಲ್ಲ. ಲೀ ಗುಂಪುಗಳ ಕ್ಯಾರೆಕ್ಟರ್ ಎಂಬ ಲೆಕ್ಕಗಳು ಕೆಟ್ಟ ಬಿಂದುಗಳ ಹತ್ತಿರ ಎಷ್ಟೇ ಏರಿದರೂ ಸುತ್ತಲಿನ ಒಟ್ಟು ಮೊತ್ತ ಮಿತಿಯಲ್ಲೇ ಇರುತ್ತದೆಂದು ಸಾಧಿಸಿ, 1965ರಲ್ಲಿ ಪ್ರಕಟಿಸಿದರು. ಇದಕ್ಕೆ ವರ್ಷಗಟ್ಟಲೆ ದುಡಿದಿದ್ದರು.

ಆಮೇಲೆ ಹೃದಯದ ಕಾಯಿಲೆ ಬಂತು. ಆದರೂ ಕೆಲಸ ಬಿಡಲಿಲ್ಲ. 1983ರ ಅಕ್ಟೋಬರ್ 16ರಂದು ಪ್ರಿನ್ಸ್‌ಟನ್ನಿನಲ್ಲಿ ತೀರಿಕೊಂಡರು. ಅಲಹಾಬಾದಿನಲ್ಲಿ, ಅಂದರೆ ಈಗಿನ ಪ್ರಯಾಗರಾಜದಲ್ಲಿ, ಅವರ ಹೆಸರಿನ ಸಂಶೋಧನಾ ಸಂಸ್ಥೆ ಇದೆ.

ಕಷ್ಟದ ಲೆಕ್ಕ ಬಂದರೆ ನಾವು ಪುಟ ತಿರುಗಿಸ್ತೀವಿ. ಅವರು ಅಲ್ಲೇ ಕೂತರು. ಸ್ನೇಹಿತರೇ, ನಾವೂ ಸ್ವಲ್ಪ ಹೊತ್ತು ಕೂರೋಣ.